ಎಚ್ಚರ ಕುಗ್ಗುವುದನ್ನು ಅಳೆಯುವುದು ಹೇಗೆ: ಮಿದುಳಿನ ಚಟುವಟಿಕೆ ಮತ್ತು ಪ್ರತಿಕ್ರಿಯೆಯ ವೇಗ

ನಿದ್ದೆ ಸಾಲದ ದಿನ ಮನುಷ್ಯ ಎಲ್ಲದರಲ್ಲೂ ಒಂದೇ ಸಮನೆ ನಿಧಾನವಾಗುತ್ತಾನೆ ಎಂಬುದು ಸಾಮಾನ್ಯ ತಿಳಿವಳಿಕೆ. ಅಳೆದು ನೋಡಿದರೆ ಕಾಣುವ ಚಿತ್ರ ಬೇರೆ. ಪರದೆಯ ಮೇಲೆ ಹತ್ತು ಬಾರಿ ಗುರುತು ಮೂಡಿದರೆ ಎಂಟೊಂಬತ್ತು ಬಾರಿ ಅವನ ಬೆರಳು ಹೆಚ್ಚುಕಡಿಮೆ ಎಂದಿನ ಚುರುಕಿನಲ್ಲೇ ಗುಂಡಿ ಒತ್ತುತ್ತದೆ; ಉಳಿದ ಒಂದೆರಡು ಬಾರಿ ಮಾತ್ರ ಅರ್ಧ ಸೆಕೆಂಡೋ, ಒಂದು ಸೆಕೆಂಡೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತೋ ಏನೂ ಆಗುವುದಿಲ್ಲ. ಆ ಖಾಲಿ ಕ್ಷಣದಲ್ಲಿ ಅವನ ಕಣ್ಣು ತೆರೆದೇ ಇರಬಹುದು, ತಾನು ಎಚ್ಚರವಾಗಿದ್ದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿರಲೂಬಹುದು. ಎಚ್ಚರ ಕುಗ್ಗುವುದೆಂದರೆ ಮೊದಲಿಗೆ ಈ ಏರುಪೇರು ಹೆಚ್ಚುವುದು. ಆದ್ದರಿಂದ ಅಳೆಯಬೇಕಾದದ್ದು ಸರಾಸರಿ ವೇಗಕ್ಕಿಂತ ಹೆಚ್ಚಾಗಿ ಈ ಏರುಪೇರನ್ನು. ಒಂದು ಕಂಪ್ಯೂಟರು, ಒಂದು ನೋಟ್‌ಬುಕ್ಕು ಮತ್ತು ಎರಡು ವಾರಗಳ ತಾಳ್ಮೆ ಇದ್ದರೆ ಅದನ್ನು ಯಾರು ಬೇಕಾದರೂ ಅಳೆಯಬಹುದು.

ಅಳತೆ ಏಕೆ ಬೇಕು, ನಮ್ಮ ಅನುಭವವೇ ಹೇಳುವುದಿಲ್ಲವೇ ಎಂದು ಕೇಳುವವರಿಗೆ 2003ರಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೇ ಉತ್ತರ. ಆರೋಗ್ಯವಂತರಾದ 48 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, 14 ದಿನಗಳ ಕಾಲ ಕೆಲವರಿಗೆ ರಾತ್ರಿಗೆ 4 ಗಂಟೆ, ಕೆಲವರಿಗೆ 6 ಗಂಟೆ, ಕೆಲವರಿಗೆ 8 ಗಂಟೆ ಮಲಗಲು ಅವಕಾಶ ನೀಡಲಾಯಿತು. ಇನ್ನೊಂದು ಗುಂಪನ್ನು ಮೂರು ದಿನ ನಿದ್ದೆಯೇ ಇಲ್ಲದೆ ಇರಿಸಲಾಯಿತು. 4 ಮತ್ತು 6 ಗಂಟೆಯ ಗುಂಪುಗಳಲ್ಲಿ ಪ್ರತಿಕ್ರಿಯೆಯ ಲೋಪಗಳು, ಅಂದರೆ ಗುರುತು ಮೂಡಿದರೂ ಬೆರಳು ತೀರಾ ತಡಮಾಡಿದ ಸಂದರ್ಭಗಳು, ದಿನದಿಂದ ದಿನಕ್ಕೆ ಏರುತ್ತಲೇ ಹೋದವು, ಕೊನೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟವನ್ನು ಸಮೀಪಿಸಿದವು. ಆದರೆ "ನಿಮಗೆ ಎಷ್ಟು ನಿದ್ದೆ ಬರುತ್ತಿದೆ" ಎಂಬ ಪ್ರಶ್ನೆಗೆ ಅವರೇ ಕೊಟ್ಟ ಅಂಕಗಳು ಮೊದಲ ಕೆಲವು ದಿನ ಏರಿ, ಆಮೇಲೆ ಬಹುತೇಕ ಅಲ್ಲೇ ನಿಂತವು. ತಮ್ಮ ಚುರುಕು ಇಳಿಯುತ್ತಿದ್ದರೂ ಅವರಿಗೆ ಅದು ಅಭ್ಯಾಸವಾಗಿಹೋಗಿತ್ತು. ನನಗೆ ಆರು ಗಂಟೆ ಸಾಕು ಎಂದು ಹೇಳಿಕೊಳ್ಳುವವರ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಎರಡು ಗೆರೆಗಳು ಒಂದರಿಂದ ಒಂದು ದೂರ ಸರಿಯುವ ನಕ್ಷೆ ನೆನಪಾಗುತ್ತದೆ.

ಅಳೆಯುವ ಮೊದಲು: ಒಳಗೆ ನಡೆಯುವುದೇನು

ಸಂಖ್ಯೆಗಳನ್ನು ಸರಿಯಾಗಿ ಓದಬೇಕಾದರೆ ಅವುಗಳ ಹಿಂದೆ ಮಿದುಳು ಏನು ಮಾಡುತ್ತಿದೆ ಎಂಬುದರ ಸ್ಥೂಲ ಪರಿಚಯ ಇರಬೇಕು. ಜರ್ಮನಿಯ ಯೇನಾದಲ್ಲಿ ಮನೋವೈದ್ಯರಾಗಿದ್ದ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಅದೇ ಇಂದಿನ ಇಇಜಿ. ಈ ಅಲೆಗಳನ್ನು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತವೆ ಎಂಬುದರ ಮೇಲೆ ವಿಂಗಡಿಸುತ್ತಾರೆ: 4ಕ್ಕಿಂತ ಕಡಿಮೆ ಇದ್ದರೆ ಡೆಲ್ಟಾ, 4ರಿಂದ 8ರವರೆಗೆ ಥೀಟಾ, 8ರಿಂದ 13ರವರೆಗೆ ಆಲ್ಫಾ, 13ರಿಂದ 30ರವರೆಗೆ ಬೀಟಾ.

ಪೂರ್ಣ ಎಚ್ಚರದಲ್ಲಿ ಕಣ್ಣು ತೆರೆದು ಕೆಲಸದಲ್ಲಿ ತೊಡಗಿರುವವರ ಇಇಜಿ ಎತ್ತರ ಕಡಿಮೆಯಿರುವ, ವೇಗವಾದ, ಒಂದು ಲಯಕ್ಕೆ ಬಾರದ ಗೀಚುಗಳಂತೆ ಕಾಣುತ್ತದೆ. ಮಿದುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಕೆಲಸದಲ್ಲಿ ತೊಡಗಿರುವುದೇ ಇದಕ್ಕೆ ಕಾರಣ. ಕಣ್ಣು ಮುಚ್ಚಿ ವಿಶ್ರಮಿಸಿದರೆ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆಗಳು ಎದ್ದು ಕಾಣುತ್ತವೆ, ಕಣ್ಣು ತೆರೆದೊಡನೆ ಅಡಗುತ್ತವೆ. ತೂಕಡಿಕೆ ಶುರುವಾದಾಗ ಒಂದು ಸ್ವಾರಸ್ಯ ನಡೆಯುತ್ತದೆ, ಅನೇಕರು ಇಲ್ಲಿಯೇ ಎಡವುತ್ತಾರೆ: ಕಣ್ಣು ತೆರೆದಿರುವಾಗ ಮಂಪರು ಬಂದರೆ ಆಲ್ಫಾ ಹೆಚ್ಚುತ್ತದೆ, ಕಣ್ಣು ಮುಚ್ಚಿರುವಾಗ ಮಂಪರು ಬಂದರೆ ಅದೇ ಆಲ್ಫಾ ತುಂಡುತುಂಡಾಗಿ ಕರಗಿ ಥೀಟಾಕ್ಕೆ ಎಡೆಮಾಡಿಕೊಡುತ್ತದೆ. ಎರಡೂ ಸ್ಥಿತಿಗಳಲ್ಲಿ ಏರುವುದು ಥೀಟಾ. ಜೊತೆಗೆ ಕಣ್ಣುಗುಡ್ಡೆಗಳು ಆಚೀಚೆ ನಿಧಾನವಾಗಿ ತೇಲಾಡತೊಡಗುತ್ತವೆ, ರೆಪ್ಪೆ ಬಡಿತಗಳು ದೀರ್ಘವಾಗುತ್ತವೆ. ಆಲ್ಫಾ ಪೂರ್ತಿ ಮಾಯವಾಗಿ ಮಿಶ್ರ ಅಲೆಗಳು ನೆಲೆಗೊಂಡರೆ ಅದು ನಿದ್ದೆಯ ಮೊದಲ ಹಂತ. ಅಲ್ಲಿಂದ ಎಬ್ಬಿಸಿದರೆ ಎಷ್ಟೋ ಜನ "ನಾನು ಮಲಗಿಯೇ ಇರಲಿಲ್ಲ" ಎನ್ನುತ್ತಾರೆ. ಅರ್ಧ ಸೆಕೆಂಡಿಗೂ ಹೆಚ್ಚು ಕಾಲ 11ರಿಂದ 16 ಬಾರಿಯ ವೇಗದಲ್ಲಿ ಕದಿರಿನ ಆಕಾರದಲ್ಲಿ ಮೂಡುವ ಅಲೆಗಳು ಕಂಡರೆ ಎರಡನೇ ಹಂತ ಬಂದಿದೆ ಎಂದರ್ಥ. ಆ ಹೊತ್ತಿಗೆ ಗುಂಡಿ ಒತ್ತುವ ಮಾತೇ ಇರುವುದಿಲ್ಲ.

ಈ ಅಲೆಗಳನ್ನು ಏಳಿಸುವ, ಅಡಗಿಸುವ ಯಂತ್ರ ಮಿದುಳಿನ ಆಳದಲ್ಲಿದೆ. 1949ರಲ್ಲಿ ಜುಸೆಪ್ಪೆ ಮೊರುತ್ಸಿ ಮತ್ತು ಹೊರೇಸ್ ಮ್ಯಾಗೂನ್ ಅವರು ಮಿದುಳುಕಾಂಡದಲ್ಲಿರುವ ನರಕೋಶಗಳ ಜಾಲಬಂಧವನ್ನು (ರೆಟಿಕ್ಯುಲರ್ ಫಾರ್ಮೇಶನ್) ವಿದ್ಯುತ್ತಿನಿಂದ ಪ್ರಚೋದಿಸಿದಾಗ ನಿಧಾನದ ಅಲೆಗಳು ಅಳಿಸಿಹೋಗಿ ಎಚ್ಚರದ ಚಿತ್ರ ಮೂಡುವುದನ್ನು ತೋರಿಸಿದರು. ಅಲ್ಲಿಂದ ಹೊರಡುವ ನರತಂತುಗಳು ನಾರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್ ಮುಂತಾದ ರಾಸಾಯನಿಕಗಳನ್ನು ಸುರಿಸಿ ಮಿದುಳಿನ ಹೊರತೊಗಟೆಯನ್ನೂ, ಇಂದ್ರಿಯಗಳ ಸುದ್ದಿ ಹಾದುಹೋಗುವ ಥಲಾಮಸ್ಸನ್ನೂ ಸಿದ್ಧಸ್ಥಿತಿಯಲ್ಲಿ ಇಡುತ್ತವೆ. ಈ ಹರಿವು ಕುಗ್ಗಿದಂತೆ ಥಲಾಮಸ್ಸಿನ ನರಕೋಶಗಳು ಸುದ್ದಿಯನ್ನು ನಿಷ್ಠೆಯಿಂದ ದಾಟಿಸುವುದನ್ನು ಬಿಟ್ಟು ತಮ್ಮದೇ ಲಯದಲ್ಲಿ ಮಿಡಿಯತೊಡಗುತ್ತವೆ. ಕಣ್ಣಿಗೆ ಬಿದ್ದ ಬೆಳಕು ಒಳಗೆ ತಲುಪಿದರೂ ದುರ್ಬಲವಾಗಿ ತಲುಪುತ್ತದೆ.

ಇನ್ನೊಂದು ಮುಖ್ಯ ಸಂಗತಿ ಹೊರಬಿದ್ದದ್ದು 2011ರಲ್ಲಿ. ಹೆಚ್ಚು ಹೊತ್ತು ಎಚ್ಚರವಾಗಿರಿಸಿದ ಇಲಿಗಳಲ್ಲಿ, ಅವು ಓಡಾಡುತ್ತಿರುವಾಗಲೇ, ಹೊರತೊಗಟೆಯ ಕೆಲವು ನರಕೋಶಗುಂಪುಗಳು ಕ್ಷಣಕಾಲ ನಿದ್ದೆಯಲ್ಲಿರುವಂತೆ ಮೌನವಾಗುವುದನ್ನು ವ್ಲಾಡಿಸ್ಲಾವ್ ವ್ಯಾಜೊವ್‌ಸ್ಕಿ, ಜೂಲಿಯೋ ಟೊನೊನಿ ಮತ್ತು ಸಂಗಡಿಗರು ಕಂಡರು. ಆ ಮೌನ ಹೆಚ್ಚಿದಂತೆ ಸಕ್ಕರೆಯ ಗುಳಿಗೆಯನ್ನು ಕಾಲಿನಿಂದ ಎಟುಕಿಸಿಕೊಳ್ಳುವ ಕೆಲಸದಲ್ಲಿ ತಪ್ಪುಗಳೂ ಹೆಚ್ಚಿದವು. ಆರು ವರ್ಷಗಳ ಬಳಿಕ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನೊಳಗೆ ವಿದ್ಯುದ್ವಾರ ಇರಿಸಿಕೊಂಡಿದ್ದ ಮನುಷ್ಯರಲ್ಲೂ ಇಂಥದೇ ಸಂಗತಿ ದಾಖಲಾಯಿತು: ಪ್ರತಿಕ್ರಿಯೆ ತಡವಾಗುವ ಮುನ್ನ ಪ್ರತ್ಯೇಕ ನರಕೋಶಗಳ ಮಿಡಿತವೇ ತಡವಾಗಿಯೂ ಮಂದವಾಗಿಯೂ ಇತ್ತು. ಹೀಗಾಗಿ ಎಚ್ಚರ ಮತ್ತು ನಿದ್ದೆಯ ನಡುವೆ ಒಂದೇ ಒಂದು ಗುಂಡಿ ಇದೆ ಎಂದು ಭಾವಿಸಬಾರದು. ಮನೆಯ ದೀಪಗಳು ಒಂದೊಂದೇ ಕೋಣೆಯಲ್ಲಿ ಮಿಣುಕಿ ಮತ್ತೆ ಹೊತ್ತಿಕೊಳ್ಳುವ ಹಾಗೆ ಮಿದುಳು ಬಿಡಿಬಿಡಿಯಾಗಿ ಜಾರುತ್ತದೆ. ಗುರುತು ಮೂಡಿದ ಕ್ಷಣದಲ್ಲಿ ಯಾವ ಕೋಣೆ ಕತ್ತಲಾಗಿತ್ತು ಎಂಬುದರ ಮೇಲೆ ಆ ಒಂದು ಪ್ರತಿಕ್ರಿಯೆಯ ಹಣೆಬರಹ ನಿಂತಿರುತ್ತದೆ.

ನಿಧಾನವಾಗುವುದು ಎಲ್ಲಿ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಯುವ ವಯಸ್ಕರಲ್ಲಿ ಬೆಳಕಿಗೆ ಬೆರಳು ಒತ್ತಲು ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕಾಗುತ್ತದೆ. ಶಬ್ದಕ್ಕೆ ಇದಕ್ಕಿಂತ ಕೆಲವು ಹತ್ತು ಮಿಲಿಸೆಕೆಂಡ್ ಕಡಿಮೆ ಸಾಕು. ಮಿದುಳಿನ ಚಾಲಕ ತೊಗಟೆಯಿಂದ ಕೈಯ ಸ್ನಾಯುವಿಗೆ ಆದೇಶ ಇಳಿಯಲು ಹಿಡಿಯುವುದು ಸುಮಾರು 20 ಮಿಲಿಸೆಕೆಂಡ್ ಮಾತ್ರ, ಮತ್ತು ನಿದ್ದೆಗೆಟ್ಟರೆ ಆ ನರದ ದಾರಿಯೇನೂ ಉದ್ದವಾಗುವುದಿಲ್ಲ. ತಡವಾಗುವುದೆಲ್ಲ ನಡುವಿನ ಭಾಗದಲ್ಲಿ, ಅಂದರೆ ಗಮನಿಸುವ, ಗುರುತಿಸುವ, ಈಗ ಒತ್ತಬೇಕು ಎಂದು ನಿರ್ಧರಿಸುವ ಹಂತಗಳಲ್ಲಿ. ಗುರುತು ಮೂಡಿದ ಸುಮಾರು 300 ಮಿಲಿಸೆಕೆಂಡಿನ ನಂತರ ಇಇಜಿಯಲ್ಲಿ ಏಳುವ ಪಿ-300 ಎಂಬ ಅಲೆ ತೂಕಡಿಕೆಯಲ್ಲಿ ತಡವಾಗಿಯೂ ಗಿಡ್ಡವಾಗಿಯೂ ಬರುವುದು ಇದಕ್ಕೆ ಸಾಕ್ಷಿ.

ಪರೀಕ್ಷೆಯನ್ನು ಸಿದ್ಧಪಡಿಸುವುದು

ಮನೆಯಲ್ಲಿ ಮಾಡಲು ಅತ್ಯಂತ ಯೋಗ್ಯವಾದದ್ದು ಸೈಕೋಮೋಟರ್ ವಿಜಿಲೆನ್ಸ್ ಟಾಸ್ಕ್, ಚಿಕ್ಕದಾಗಿ ಪಿವಿಟಿ. ಡೇವಿಡ್ ಡಿಂಜಸ್ ಮತ್ತು ಜಾನ್ ಪೊವೆಲ್ 1985ರಲ್ಲಿ ರೂಪಿಸಿದ ಈ ಪರೀಕ್ಷೆ ನೋಡಲು ತೀರಾ ಸಪ್ಪೆ: ಖಾಲಿ ಪರದೆಯನ್ನು ನೋಡುತ್ತ ಕೂರಬೇಕು, 2ರಿಂದ 10 ಸೆಕೆಂಡಿನ ನಡುವೆ ಯಾವಾಗಲೋ ಒಮ್ಮೆ ಎಣಿಕೆ ಓಡತೊಡಗುತ್ತದೆ, ಕಂಡೊಡನೆ ಗುಂಡಿ ಒತ್ತಬೇಕು. ಇದೇ 10 ನಿಮಿಷ. ಆ ಸಪ್ಪೆತನವೇ ಅದರ ಶಕ್ತಿ. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ, ಬೇಸರದ ಕೆಲಸ ಇಲ್ಲದ ನಿದ್ದೆಯನ್ನು ತಂದುಹಾಕುವುದಿಲ್ಲ, ಇರುವ ನಿದ್ದೆಯನ್ನು ಹೊರಗೆಡಹುತ್ತದೆ. ರೋಚಕವಾದ ಆಟವೊಂದರಲ್ಲಿ ಅಳೆದರೆ ನಿದ್ದೆಗೆಟ್ಟವರೂ ಕೆಲವು ನಿಮಿಷ ಚುರುಕಾಗಿಯೇ ಇರುತ್ತಾರೆ.

ಇದೇ ಕಾರಣಕ್ಕೆ ಶಾಲೆಗಳಲ್ಲಿ ಮಾಡಿಸುವ ಅಡಿಕೋಲು ಬೀಳಿಸುವ ಪ್ರಯೋಗ ನಮ್ಮ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. ಅದರ ಲೆಕ್ಕ ಸೊಗಸಾಗಿದೆ: ಕೋಲು 15 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ 175 ಮಿಲಿಸೆಕೆಂಡ್, 20 ಸೆಂಟಿಮೀಟರಾದರೆ 202, 25 ಆದರೆ 226, 30 ಆದರೆ 247. ಆದರೆ ಕೋಲು ಯಾವಾಗ ಬೀಳುತ್ತದೋ ಎಂಬ ಕುತೂಹಲವೇ ಮನುಷ್ಯನನ್ನು ಎಚ್ಚರಿಸಿಬಿಡುತ್ತದೆ. ಹತ್ತು ಬಾರಿ ಹಿಡಿದರೆ ಆಟ ಮುಗಿಯಿತು, ಲೋಪ ಕಾಣಿಸಿಕೊಳ್ಳಲು ಅವಕಾಶವೇ ಸಿಗಲಿಲ್ಲ. ಪ್ರತಿಕ್ರಿಯಾ ಕಾಲ ಎಂದರೇನು ಎಂದು ಮಕ್ಕಳಿಗೆ ತೋರಿಸಲು ಅದನ್ನು ಬಳಸಬಹುದು, ಅಷ್ಟೇ.

ಪಿವಿಟಿ ಮಾದರಿಯ ತಂತ್ರಾಂಶ ಹಲವು ಸಿಗುತ್ತವೆ, ಪ್ರೋಗ್ರಾಮಿಂಗ್ ಬಲ್ಲವರು ಒಂದು ಸಂಜೆಯಲ್ಲಿ ಬರೆದುಕೊಳ್ಳಲೂಬಹುದು. ಯಾವುದನ್ನೇ ಬಳಸಿದರೂ ಮೂರು ವಿಷಯ ನೋಡಿಕೊಳ್ಳಿ. ಗುರುತುಗಳ ನಡುವಿನ ಅಂತರ ಊಹಿಸಲಾಗದಂತೆ ಬದಲಾಗುತ್ತಿರಬೇಕು. ಅಂತರ ಒಂದೇ ಇದ್ದರೆ ಬೆರಳು ತಾಳ ಹಾಕಲು ಕಲಿತುಬಿಡುತ್ತದೆ. ಪ್ರತಿಯೊಂದು ಪ್ರತಿಕ್ರಿಯೆಯ ಕಾಲವೂ ಬೇರೆಬೇರೆಯಾಗಿ ಉಳಿಯಬೇಕು, ಸರಾಸರಿಯನ್ನಷ್ಟೇ ತೋರಿಸುವ ತಂತ್ರಾಂಶ ನಮಗೆ ಬೇಡ. ಮೂರನೆಯದಾಗಿ, ಮೊದಲ ದಿನದಿಂದ ಕೊನೆಯ ದಿನದವರೆಗೆ ಅದೇ ಸಾಧನ, ಅದೇ ಗುಂಡಿ, ಅದೇ ಬೆರಳು. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆ ತಾನಾಗಿಯೇ 17 ಮಿಲಿಸೆಕೆಂಡಿನವರೆಗೆ ತಡಮಾಡಬಲ್ಲದು, ಸ್ಪರ್ಶಪರದೆ ಮತ್ತು ತಂತಿಯಿಲ್ಲದ ಮೌಸುಗಳು ಇನ್ನಷ್ಟು ಸೇರಿಸುತ್ತವೆ. ಹಾಗಾಗಿ ನಿಮ್ಮ ಫೋನಿನ 310ನ್ನು ಗೆಳೆಯರ ಕಂಪ್ಯೂಟರಿನ 240ಕ್ಕೆ ಹೋಲಿಸಿ ಮರುಗುವುದರಲ್ಲಿ ಅರ್ಥವಿಲ್ಲ. ಹೋಲಿಕೆ ನಿಮ್ಮೊಡನೆ ನಿಮಗೇ.

ಹತ್ತು ನಿಮಿಷ ದಿನಕ್ಕೆ ಮೂರ್ನಾಲ್ಕು ಬಾರಿ ಕೂರಲಾಗದವರಿಗೆ 3 ನಿಮಿಷದ ಚಿಕ್ಕ ರೂಪವೂ ಬಳಕೆಯಲ್ಲಿದೆ. ಅದರಲ್ಲಿ ಗುರುತುಗಳು ಬೇಗಬೇಗ ಬರುತ್ತವೆ, ಲೋಪದ ಗೆರೆಯನ್ನು, ಅಂದರೆ ಎಷ್ಟು ತಡವಾದರೆ ಲೋಪವೆಂದು ಎಣಿಸಬೇಕೆಂಬ ಮಿತಿಯನ್ನು, 500ರ ಬದಲು 355 ಮಿಲಿಸೆಕೆಂಡಿಗೆ ಇಳಿಸುತ್ತಾರೆ. ಅನುಕೂಲಕ್ಕೆ ಅದು ಸರಿ, ಆದರೆ ಸಾಧ್ಯವಿದ್ದರೆ ಹತ್ತು ನಿಮಿಷದ್ದನ್ನೇ ಮಾಡಿ ಎಂಬುದು ನನ್ನ ಸಲಹೆ, ಏಕೆಂದರೆ ನಿಜವಾದ ಕುಸಿತ ಐದನೆಯ ನಿಮಿಷದ ಆಚೆಗೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಎರಡು ವಾರಗಳ ಕ್ರಮ

ಮೊದಲ ಎರಡು ಮೂರು ಸುತ್ತುಗಳನ್ನು ಅಭ್ಯಾಸಕ್ಕೆಂದು ಬಿಟ್ಟುಬಿಡಿ. ಈ ಪರೀಕ್ಷೆಯಲ್ಲಿ ಕಲಿಯಲು ಹೆಚ್ಚೇನೂ ಇಲ್ಲದಿರುವುದರಿಂದ ಅಷ್ಟು ಸಾಕು. ಆಮೇಲೆ ಮೊದಲ ವಾರ ನಿಮ್ಮ ತಳಮಟ್ಟವನ್ನು ಕಟ್ಟಿಕೊಳ್ಳುವುದಕ್ಕೆ ಮೀಸಲಿಡಿ: ಪ್ರತಿರಾತ್ರಿ ಒಂದೇ ಹೊತ್ತಿಗೆ ಮಲಗಿ, ಬೇಕಾದಷ್ಟು ನಿದ್ದೆ ಮಾಡಿ. ಎಚ್ಚರವಾದ ಒಂದು ಗಂಟೆಯ ನಂತರ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ, ಹೀಗೆ ನಾಲ್ಕು ಹೊತ್ತು ಪರೀಕ್ಷೆ ಮಾಡಿ. ಎದ್ದ ಕೂಡಲೇ ಮಾಡಬಾರದು. ನಿದ್ದೆಯ ಜಡತೆ ಸಾಮಾನ್ಯವಾಗಿ 15ರಿಂದ 30 ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ, ಆಗ ಚೆನ್ನಾಗಿ ಮಲಗಿ ಎದ್ದವರ ಅಂಕಗಳೂ ಕಳಪೆಯಾಗಿರುತ್ತವೆ. ಎರಡನೆಯ ವಾರ ನಿಮ್ಮ ಎಂದಿನ ಜೀವನ ಹೇಗಿದೆಯೋ ಹಾಗೆಯೇ ಇರಲಿ, ಪರೀಕ್ಷೆ ಮಾತ್ರ ಅದೇ ಹೊತ್ತುಗಳಲ್ಲಿ ನಡೆಯಲಿ. ಪ್ರಯೋಗದ ಹೆಸರಿನಲ್ಲಿ ಬೇಕೆಂದೇ ನಿದ್ದೆಗೆಡುವುದು ಬೇಡ. ಎರಡನೆಯ ವಾರವೇ ಬೇಕಾದಷ್ಟು ತೋರಿಸುತ್ತದೆ.

ಪ್ರತಿ ಸುತ್ತಿಗೆ ಮುನ್ನ ನೋಟ್‌ಬುಕ್ಕಿನಲ್ಲಿ ಗಂಟೆ, ಹಿಂದಿನ ರಾತ್ರಿಯ ನಿದ್ದೆ, ಎದ್ದು ಎಷ್ಟು ಗಂಟೆಯಾಯಿತು, ಕಾಫಿ ಚಹಾ ಕುಡಿದು ಎಷ್ಟು ಹೊತ್ತಾಯಿತು, ಯಾವುದಾದರೂ ಔಷಧಿ ತೆಗೆದುಕೊಂಡಿದ್ದೀರಾ ಎಂಬುದನ್ನು ಬರೆಯಿರಿ. ನೆಗಡಿ, ಅಲರ್ಜಿಗೆ ಕೊಡುವ ಹಳೆಯ ಬಗೆಯ ಆಂಟಿಹಿಸ್ಟಮಿನ್ ಮಾತ್ರೆಗಳು ಈ ಅಂಕಗಳನ್ನು ಸ್ಪಷ್ಟವಾಗಿಯೇ ಕೆಡಿಸುತ್ತವೆ. ಜೊತೆಗೆ ಟೋರ್ಬ್ಯೋರ್ನ್ ಓಕರ್‌ಸ್ಟೆಟ್ ಮತ್ತು ಮ್ಯಾಟ್ಸ್ ಗಿಲ್‌ಬರ್ಗ್ 1990ರಲ್ಲಿ ಪರಿಚಯಿಸಿದ ಕರೋಲಿನ್‌ಸ್ಕಾ ಮಾಪಕದಲ್ಲಿ ನಿಮಗೆ ನೀವೇ 1ರಿಂದ 9ರೊಳಗೆ ಒಂದು ಅಂಕ ಕೊಟ್ಟುಕೊಳ್ಳಿ: 1 ಎಂದರೆ ಅತ್ಯಂತ ಎಚ್ಚರ, 5 ಎಂದರೆ ಅತ್ತ ಎಚ್ಚರವೂ ಅಲ್ಲ ಇತ್ತ ನಿದ್ದೆಯೂ ಅಲ್ಲ, 7 ಎಂದರೆ ನಿದ್ದೆ ಬರುತ್ತಿದೆ ಆದರೆ ಎಚ್ಚರವಾಗಿರಲು ಹೆಣಗಬೇಕಾಗಿಲ್ಲ, 9 ಎಂದರೆ ನಿದ್ದೆಯೊಡನೆ ಹೋರಾಡುತ್ತಿರುವ ಸ್ಥಿತಿ. ಪರೀಕ್ಷೆಗೆ ಮುನ್ನವೇ ಬರೆಯುವುದು ಮುಖ್ಯ. ಫಲಿತಾಂಶ ನೋಡಿದ ಮೇಲೆ ಕೊಡುವ ಅಂಕ ಪ್ರಾಮಾಣಿಕವಾಗಿರುವುದಿಲ್ಲ.

ಸಂಖ್ಯೆಗಳನ್ನು ಓದುವುದು

ಹತ್ತು ನಿಮಿಷದಲ್ಲಿ ಸುಮಾರು 90 ಪ್ರತಿಕ್ರಿಯೆಗಳು ಸಿಗುತ್ತವೆ. 100 ಮಿಲಿಸೆಕೆಂಡಿಗಿಂತ ಕಡಿಮೆ ಇರುವವನ್ನೂ, ಗುರುತು ಮೂಡುವ ಮೊದಲೇ ಒತ್ತಿದವನ್ನೂ ತಪ್ಪು ಆರಂಭಗಳೆಂದು ಬೇರೆ ಎಣಿಸಿ. ಅಷ್ಟು ಬೇಗ ಯಾರೂ ನೋಡಿ ಒತ್ತಲಾರರು. 500 ಅಥವಾ ಅದಕ್ಕಿಂತ ಹೆಚ್ಚು ಮಿಲಿಸೆಕೆಂಡ್ ಹಿಡಿದವು ಲೋಪಗಳು.

ಸರಾಸರಿ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ ನೋಡೋಣ. ಚೆನ್ನಾಗಿ ಮಲಗಿದ ದಿನ 90 ಪ್ರತಿಕ್ರಿಯೆಗಳೂ 250ರ ಆಸುಪಾಸಿನಲ್ಲಿವೆ ಎಂದುಕೊಳ್ಳಿ. ನಿದ್ದೆಗೆಟ್ಟ ದಿನ 80 ಪ್ರತಿಕ್ರಿಯೆಗಳು 270ರ ಸುತ್ತ, 10 ಮಾತ್ರ 900ರ ಸುತ್ತ ಇವೆ. ಎರಡನೆಯ ದಿನದ ಸರಾಸರಿ 340. ಆದರೆ ಅಂದು 340ರ ಹತ್ತಿರ ಬಂದ ಪ್ರತಿಕ್ರಿಯೆ ಒಂದೂ ಇಲ್ಲ! ಇನ್ನು ಪ್ರತಿಕ್ರಿಯೆಗಳನ್ನೆಲ್ಲ ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ಆರಿಸಿದರೆ ಅದು 270, ಅಂದರೆ ಎಂದಿಗಿಂತ 20 ಮಿಲಿಸೆಕೆಂಡಷ್ಟೇ ಹೆಚ್ಚು, ಏನೂ ಆಗಿಲ್ಲ ಎಂಬ ಭ್ರಮೆ ಹುಟ್ಟಿಸುವಷ್ಟು ಸೌಮ್ಯ. ಒಂದು ಸಂಖ್ಯೆ ಇಲ್ಲದ್ದನ್ನು ಹೇಳಿತು, ಇನ್ನೊಂದು ಇದ್ದದ್ದನ್ನು ಮುಚ್ಚಿತು. ಆ ಹತ್ತು ಲೋಪಗಳನ್ನು ಎಣಿಸಿದವರಿಗಷ್ಟೇ ನಿಜ ಸ್ಥಿತಿ ತಿಳಿಯುತ್ತದೆ.

ಆದ್ದರಿಂದ ಪ್ರತಿ ಸುತ್ತಿಗೂ ನಾಲ್ಕು ಅಂಕಿಗಳನ್ನು ಬರೆದಿಡಿ: ಲೋಪಗಳ ಸಂಖ್ಯೆ, ತಪ್ಪು ಆರಂಭಗಳ ಸಂಖ್ಯೆ, ಅತಿ ವೇಗದ ಹತ್ತನೆಯ ಒಂದು ಪಾಲಿನ ಸರಾಸರಿ, ಅತಿ ನಿಧಾನದ ಹತ್ತನೆಯ ಒಂದು ಪಾಲಿನ ಸರಾಸರಿ. ಇವುಗಳಿಗೆ ಐದನೆಯದಾಗಿ ಪ್ರತಿಕ್ರಿಯೆಯ ವೇಗವನ್ನು ಸೇರಿಸಬಹುದು. ಪ್ರತಿಯೊಂದು ಕಾಲವನ್ನು ಸೆಕೆಂಡಿನಲ್ಲಿ ಬರೆದು 1ನ್ನು ಅದರಿಂದ ಭಾಗಿಸಿ, ಬಂದವುಗಳ ಸರಾಸರಿ ತೆಗೆದರೆ ಅದೇ ವೇಗ. ಮೇಲಿನ ಉದಾಹರಣೆಯಲ್ಲಿ ಅದು 4.0ರಿಂದ 3.4ಕ್ಕೆ ಇಳಿಯುತ್ತದೆ. ಒಂದೇ ಒಂದು ಅತಿ ದೀರ್ಘ ಲೋಪ ಇಡೀ ಲೆಕ್ಕವನ್ನು ಬುಡಮೇಲು ಮಾಡದಂತೆ ಈ ವಿಧಾನ ತಡೆಯುವುದರಿಂದ ಸಂಶೋಧಕರು ಇದನ್ನು ಬಹಳ ಬಳಸುತ್ತಾರೆ.

ಮೊದಲ ವಾರದ ಅಂಕಿಗಳ ಪಕ್ಕ ಎರಡನೆಯ ವಾರದವನ್ನು ಇಟ್ಟಾಗ ಸಾಮಾನ್ಯವಾಗಿ ಕಾಣುವುದು ಇದು: ವೇಗದ ಪಾಲು ಸ್ವಲ್ಪವೇ ಅಲುಗಿರುತ್ತದೆ, ನಿಧಾನದ ಪಾಲು ದೂರ ಜಾರಿರುತ್ತದೆ. ವಿಚಿತ್ರವೆಂದರೆ ಲೋಪಗಳ ಜೊತೆಗೆ ತಪ್ಪು ಆರಂಭಗಳೂ ಹೆಚ್ಚಬಹುದು. ಜಾರುತ್ತಿದ್ದೇನೆ ಎಂದು ಅರಿವಾದ ಮನಸ್ಸು ತನ್ನನ್ನು ತಾನೇ ಎಳೆದು ನಿಲ್ಲಿಸಿ, ಆತುರದಲ್ಲಿ ಗುರುತಿಲ್ಲದೆಯೂ ಒತ್ತಿಬಿಡುತ್ತದೆ. ಒಂದು ಲೋಪ, ಅದರ ಬೆನ್ನಿಗೇ ಒಂದು ಅವಸರದ ಒತ್ತು, ಮತ್ತೆರಡು ಚುರುಕಾದ ಪ್ರತಿಕ್ರಿಯೆ, ಮತ್ತೆ ಲೋಪ: ನಿದ್ದೆಯ ಸೆಳೆತಕ್ಕೂ ಎಚ್ಚರವಾಗಿರುವ ಹಟಕ್ಕೂ ನಡೆಯುವ ಹಗ್ಗಜಗ್ಗಾಟ ಈ ಸಾಲಿನಲ್ಲಿ ಅಕ್ಷರಶಃ ಕಾಣುತ್ತದೆ. ನಿಮ್ಮ ದಾಖಲೆಯಲ್ಲಿ ಇದನ್ನು ಮೊದಲ ಬಾರಿ ಗುರುತಿಸಿದಾಗ ಕೊಂಚ ನಾಚಿಕೆಯೂ ಆಗಬಹುದು. ನನಗಂತೂ ಆಗಿತ್ತು, ಏಕೆಂದರೆ ಆ ಸುತ್ತಿಗೆ ನಾನು ಕೊಟ್ಟುಕೊಂಡಿದ್ದ ಅಂಕ 4.

ಮೂರು ಕಾರಣಗಳನ್ನು ಬಿಡಿಸಿ ನೋಡುವುದು

ಅಂಕಿ ಇಳಿದಿದೆ ಎಂದ ಮಾತ್ರಕ್ಕೆ ನಿದ್ದೆ ಸಾಲದು ಎಂದು ತೀರ್ಮಾನಿಸಬೇಡಿ. ಎಚ್ಚರವನ್ನು ಇಳಿಸುವ ದಾರಿಗಳು ಮೂರು, ಮೂರೂ ಒಂದರ ಮೇಲೊಂದು ಬೀಳುತ್ತವೆ.

ಮೊದಲನೆಯದು ಎಚ್ಚರವಾಗಿ ಕಳೆದ ಹೊತ್ತು. ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮುಂದಿಟ್ಟ ಎರಡು ಪ್ರಕ್ರಿಯೆಗಳ ಮಾದರಿಯಲ್ಲಿ ಇದು ಒಂದು: ಎಚ್ಚರವಾಗಿದ್ದಷ್ಟೂ ನಿದ್ದೆಯ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಮಿದುಳಿನಲ್ಲಿ ಶೇಖರವಾಗುವ ಅಡಿನೋಸಿನ್ ಎಂಬ ರಾಸಾಯನಿಕ ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. 17 ಗಂಟೆ ಸತತ ಎಚ್ಚರವಾಗಿದ್ದವರ ಕೈ ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05 ಮದ್ಯಸಾರ ಇರುವವರಷ್ಟು ಕುಸಿಯುತ್ತದೆ, 24 ಗಂಟೆಗೆ ಅದು ಸುಮಾರು 0.10ರ ಮಟ್ಟ ಮುಟ್ಟುತ್ತದೆ ಎಂದು ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದರು.

ಎರಡನೆಯದು ದೇಹದ ಗಡಿಯಾರ. ಎಂದಿನಂತೆ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ದೇಹದ ಉಷ್ಣತೆ ದಿನದ ತಳ ಮುಟ್ಟುತ್ತದೆ, ಎಚ್ಚರವೂ ಅದರ ಜೊತೆಗೇ ಇಳಿಯುತ್ತದೆ. ಮಧ್ಯಾಹ್ನದ ನಂತರ ಒಂದು ಸಣ್ಣ ತಗ್ಗು ಬರುತ್ತದೆ, ಊಟ ಮಾಡದಿದ್ದರೂ ಬರಬಹುದು. ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆಯಾದರೋ ಗಡಿಯಾರ ಎಚ್ಚರವನ್ನು ಗಟ್ಟಿಯಾಗಿ ಎತ್ತಿ ಹಿಡಿದಿರುತ್ತದೆ. ಆದ್ದರಿಂದ ಸಂಜೆಯ ಅಂಕಗಳು ಮಧ್ಯಾಹ್ನದವಕ್ಕಿಂತ ಚೆನ್ನಾಗಿದ್ದರೆ ಅಚ್ಚರಿಪಡಬೇಕಿಲ್ಲ, ಅದನ್ನು ನೋಡಿ ಇಡೀ ರಾತ್ರಿ ಪ್ರಯಾಣ ಮಾಡಬಲ್ಲೆ ಎಂದು ಹೊರಡಲೂಬಾರದು. ಒಂದೇ ದಿನದ ಬೆಳಗಿನ ಅಂಕವನ್ನು ಸಂಜೆಯ ಅಂಕಕ್ಕೆ ಹೋಲಿಸುವ ಬದಲು, ಈ ವಾರದ ಸಂಜೆಗಳನ್ನು ಹಿಂದಿನ ವಾರದ ಸಂಜೆಗಳಿಗೆ ಹೋಲಿಸಿ.

ಮೂರನೆಯದು ಕೆಲಸದ ಉದ್ದ. ನಾರ್ಮನ್ ಮ್ಯಾಕ್‌ವರ್ತ್ ಎರಡನೆಯ ಮಹಾಯುದ್ಧದ ರಡಾರ್ ಕಾವಲುಗಾರರ ಸಮಸ್ಯೆಯನ್ನು ಹಿಡಿದು, ಸೆಕೆಂಡಿಗೊಮ್ಮೆ ಜಿಗಿಯುವ ಮುಳ್ಳೊಂದು ಅಪರೂಪಕ್ಕೆ ಎರಡು ಪಟ್ಟು ಜಿಗಿಯುವುದನ್ನು ಎರಡು ಗಂಟೆ ಕಾಯುವ ಪರೀಕ್ಷೆಯನ್ನು ರೂಪಿಸಿ 1948ರಲ್ಲಿ ಪ್ರಕಟಿಸಿದರು. ಗುರುತಿಸುವ ಸಾಮರ್ಥ್ಯ ಮೊದಲ ಅರ್ಧ ಗಂಟೆಯೊಳಗೇ ಇಳಿದುಬಿಟ್ಟಿತು. ಇದು ನಿದ್ದೆ ಸಾಕಷ್ಟಾದವರಿಗೂ ಆಗುವಂಥದು. ನಿಮ್ಮ ದಾಖಲೆಯಲ್ಲಿ ಇದನ್ನು ಬೇರ್ಪಡಿಸಲು ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷಗಳ ಲೋಪಗಳನ್ನು ಬೇರೆಬೇರೆ ಎಣಿಸಿ. ಚೆನ್ನಾಗಿ ಮಲಗಿದ ದಿನ ಎರಡರ ನಡುವೆ ವ್ಯತ್ಯಾಸ ಅಲ್ಪ; ನಿದ್ದೆಗೆಟ್ಟ ದಿನ ಕೊನೆಯ ಐದು ನಿಮಿಷ ಕಡಿದಾಗಿ ಇಳಿದಿರುತ್ತದೆ.

ತಲೆಪಟ್ಟಿಯ ಇಇಜಿ ಇದ್ದವರಿಗೆ

ಹಣೆಗೆ ಕಟ್ಟಿಕೊಳ್ಳುವ ಇಇಜಿ ಪಟ್ಟಿಗಳು ಈಗ ಮಾರಾಟಕ್ಕಿವೆ. ಇದ್ದರೆ ಬಳಸಿ, ಇಲ್ಲದಿದ್ದರೆ ಕೊಳ್ಳುವ ಅಗತ್ಯವಿಲ್ಲ. ಆಲ್ಫಾ ಗಟ್ಟಿಯಾಗಿ ಕಾಣುವುದು ತಲೆಯ ಹಿಂಭಾಗದಲ್ಲಿ. ಹಣೆಯ ಮೇಲಿನ ಸಂವೇದಕಕ್ಕೆ ರೆಪ್ಪೆಯ ಚಲನೆ, ಹುಬ್ಬು ಗಂಟಿಕ್ಕುವುದು, ಹಲ್ಲು ಕಚ್ಚುವುದು ಎಲ್ಲವೂ ಅಲೆಗಳಾಗಿಯೇ ಕಾಣುತ್ತವೆ. ನಿಧಾನದ ರೆಪ್ಪೆಬಡಿತವನ್ನು ಡೆಲ್ಟಾ ಎಂದು, ದವಡೆಯ ಬಿಗಿತವನ್ನು ಬೀಟಾ ಎಂದು ತಪ್ಪಾಗಿ ಓದುವುದು ತೀರಾ ಸಾಮಾನ್ಯ. ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ನಿಮಿಷ ಕಣ್ಣು ಮುಚ್ಚಿ, ಒಂದು ನಿಮಿಷ ತೆರೆದು ನೋಡಿ. ಆಲ್ಫಾ ಏರಿ ಇಳಿಯದಿದ್ದರೆ ಮುಂದಿನ ಯಾವ ಗೆರೆಯನ್ನೂ ನಂಬಬೇಡಿ. ಏರಿಳಿದರೆ, ಪಿವಿಟಿ ಮಾಡುವಾಗಲೇ ದಾಖಲಿಸಿ, ಲೋಪಗಳ ಹಿಂದಿನ ಕೆಲವು ಸೆಕೆಂಡುಗಳಲ್ಲಿ ಥೀಟಾ ಏರಿದೆಯೇ ಎಂದು ಹುಡುಕಿ. ಎಲ್ಲ ಲೋಪಗಳಲ್ಲೂ ಅದು ಸಿಗುವುದಿಲ್ಲ. ಕೆಲವು ಲೋಪಗಳು ನಿದ್ದೆಯಿಂದಲ್ಲ, ಮನಸ್ಸು ಬೇರೆಲ್ಲೋ ಅಲೆದದ್ದರಿಂದ ಆದವು.

ಇದಕ್ಕಿಂತ ಅಗ್ಗವಾದ, ಎಷ್ಟೋ ಬಾರಿ ಹೆಚ್ಚು ನಂಬಬಹುದಾದ ಉಪಾಯವೆಂದರೆ ಫೋನಿನಲ್ಲಿ ನಿಮ್ಮ ಮುಖದ ವಿಡಿಯೋ ತೆಗೆದಿಡುವುದು. ಎಚ್ಚರವಾಗಿರುವವರ ರೆಪ್ಪೆ ಒಂದು ಸೆಕೆಂಡಿನ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ ಮುಚ್ಚಿ ತೆರೆದುಕೊಳ್ಳುತ್ತದೆ. ಕಣ್ಣು ಶೇಕಡಾ 80ಕ್ಕಿಂತ ಹೆಚ್ಚು ಮುಚ್ಚಿರುವ ಕಾಲದ ಪ್ರಮಾಣವನ್ನು ಪರ್‌ಕ್ಲೋಸ್ ಎಂಬ ಹೆಸರಿನಲ್ಲಿ ಚಾಲಕರ ತೂಕಡಿಕೆಯನ್ನು ಪತ್ತೆಹಚ್ಚಲು ಬಳಸುತ್ತಾರೆ. ವಿಡಿಯೋವನ್ನು ನಿಧಾನಗತಿಯಲ್ಲಿ ನೋಡಿದರೆ ನಿಮಗೆ ಅರಿವೇ ಆಗದಂತೆ ಕಣ್ಣು ಎಳೆದ ಕ್ಷಣಗಳು ಕಾಣಸಿಗುತ್ತವೆ.

ಅಂಕಿ ಇಳಿದಾಗ ಮಾಡಬೇಕಾದದ್ದು

ಲೋಪಗಳು ನಿಮ್ಮ ತಳಮಟ್ಟವನ್ನು ಸ್ಪಷ್ಟವಾಗಿ ಮೀರಿದ್ದರೆ ಆ ಹೊತ್ತಿನಲ್ಲಿ ವಾಹನ, ಯಂತ್ರ, ಏಣಿ, ಬಿಸಿ ಎಣ್ಣೆ ಇವುಗಳಿಂದ ದೂರವಿರಿ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮೂರು ಸೆಕೆಂಡಿನ ಮೈಕ್ರೋಸ್ಲೀಪ್ (ಅರಿವಿಲ್ಲದೆ ಹತ್ತುವ ಕ್ಷಣಕಾಲದ ನಿದ್ದೆ) ಎಂದರೆ ಚಾಲಕನಿಲ್ಲದೆ 66 ಮೀಟರ್. ಆದರೆ ಇದರ ತಿರುವುಮುರುವು ಸಲ್ಲದು: ಪರೀಕ್ಷೆಯಲ್ಲಿ ಅಂಕ ಚೆನ್ನಾಗಿ ಬಂತೆಂದು ಅದನ್ನು ವಾಹನ ಓಡಿಸಲು ಸಿಕ್ಕ ಅನುಮತಿಯಂತೆ ಬಳಸಬೇಡಿ. ಹತ್ತು ನಿಮಿಷ ಹಟ ಹಿಡಿದು ಕೂತವರು ಮುಂದಿನ ಎರಡು ಗಂಟೆಯೂ ಹಾಗೆಯೇ ಇರುತ್ತಾರೆಂಬ ಭರವಸೆಯಿಲ್ಲ.

ತಾತ್ಕಾಲಿಕ ಪರಿಹಾರಗಳಲ್ಲಿ 10ರಿಂದ 20 ನಿಮಿಷದ ಕಿರುನಿದ್ದೆಗೆ ಮೊದಲ ಸ್ಥಾನ. ಅದಕ್ಕಿಂತ ಹೆಚ್ಚು ಮಲಗಿದರೆ ಆಳದ ನಿದ್ದೆಗೆ ಇಳಿದು, ಏಳುವಾಗ ಜಡತೆ ಹೆಚ್ಚಾಗುತ್ತದೆ. ಕೆಫೀನ್ ನರಕೋಶಗಳ ಮೇಲೆ ಅಡಿನೋಸಿನ್ ಬಂದು ಕೂರುವ ಗ್ರಾಹಕಗಳನ್ನು ಆಕ್ರಮಿಸಿಕೊಂಡು ನಿದ್ದೆಯ ಒತ್ತಡವನ್ನು ಮರೆಮಾಡುತ್ತದೆ, ಒತ್ತಡ ಮಾತ್ರ ಒಳಗೆ ಏರುತ್ತಲೇ ಇರುತ್ತದೆ. ಅದು ಪೂರ್ಣ ಪರಿಣಾಮಕ್ಕೆ ಬರಲು ಅರ್ಧ ಗಂಟೆಯಾದರೂ ಬೇಕಾಗುವುದರಿಂದ ಕುಡಿದ ಕೂಡಲೇ ಕಿರುನಿದ್ದೆ ಮಾಡಿದರೆ ಎರಡರ ಲಾಭವೂ ಒಟ್ಟಿಗೆ ಸಿಗುತ್ತದೆ. ಅರ್ಧದಷ್ಟು ಕೆಫೀನ್ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕಾಗುವುದರಿಂದ ಸಂಜೆಯ ನಂತರ ಕುಡಿದರೆ ನಾಳೆಯ ಅಂಕಗಳಿಂದ ಸಾಲ ತೆಗೆದಂತಾಗುತ್ತದೆ. ಪ್ರಖರ ಬೆಳಕು, ಒಂದಿಷ್ಟು ನಡಿಗೆ ಸಹ ನೆರವಾಗುತ್ತವೆ. ಕಿಟಕಿ ತೆರೆಯುವುದು, ಹಾಡು ಜೋರಾಗಿ ಹಾಕುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಇವುಗಳ ಪರಿಣಾಮ ಕೆಲವೇ ನಿಮಿಷಗಳದು. ಬೇಕಿದ್ದರೆ ಈ ಒಂದೊಂದನ್ನೂ ನಿಮ್ಮದೇ ಪಿವಿಟಿಯಲ್ಲಿ ಮೊದಲೂ ಅರ್ಧ ಗಂಟೆಯ ನಂತರವೂ ಅಳೆದು ನೋಡಬಹುದು, ಅಳತೆಗೋಲು ಈಗ ನಿಮ್ಮ ಕೈಯಲ್ಲೇ ಇದೆ.

ಏಳೆಂಟು ಗಂಟೆ ಮಲಗಿದ ವಾರದಲ್ಲೂ ಲೋಪಗಳು ಕಡಿಮೆಯಾಗದಿದ್ದರೆ, ಜೋರಾದ ಗೊರಕೆಯಿದ್ದು ನಡುನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ, ಅಥವಾ ಮಾತನಾಡುತ್ತಿರುವಾಗಲೇ ನಿದ್ದೆ ಹತ್ತಿಬಿಡುತ್ತಿದ್ದರೆ ನೋಟ್‌ಬುಕ್ಕಿನೊಡನೆ ವೈದ್ಯರನ್ನು ಕಾಣಿ. ಅವರು ಮರ‍್ರೆ ಜಾನ್ಸ್ 1991ರಲ್ಲಿ ರೂಪಿಸಿದ ಎಪ್‌ವರ್ತ್ ಮಾಪಕದ ಎಂಟು ಪ್ರಶ್ನೆಗಳನ್ನು ಕೇಳಬಹುದು. ಒಟ್ಟು 24ರಲ್ಲಿ 10ಕ್ಕಿಂತ ಹೆಚ್ಚು ಬಂದರೆ ಹಗಲಿನ ನಿದ್ದೆ ಮಿತಿಮೀರಿದೆ ಎಂದು ಪರಿಗಣಿಸುತ್ತಾರೆ. ಅಗತ್ಯವೆನಿಸಿದರೆ ನಿದ್ರಾ ಪ್ರಯೋಗಾಲಯದಲ್ಲಿ ರಾತ್ರಿಯ ದಾಖಲೆ ಮಾಡಿಸಿ, ಮರುದಿನ ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಬಾರಿ 20 ನಿಮಿಷ ಮಲಗಲು ಬಿಟ್ಟು, ಎಷ್ಟು ಬೇಗ ನಿದ್ದೆ ಹತ್ತುತ್ತದೆ ಎಂದು ಇಇಜಿಯಿಂದಲೇ ಅಳೆಯುತ್ತಾರೆ. ಸರಾಸರಿ 8 ನಿಮಿಷ ಅಥವಾ ಅದಕ್ಕಿಂತ ಬೇಗ ನಿದ್ದೆ ಹತ್ತಿದರೆ ಅವರು ಅದರ ಕಾರಣ ಹುಡುಕಲು ಮುಂದಾಗುತ್ತಾರೆ. ಎರಡು ವಾರ ಗಂಟೆ ಸಹಿತ ಬರೆದಿಟ್ಟ ನಿಮ್ಮ ಅಂಕಿಗಳು, ವಿಶೇಷವಾಗಿ ಸಾಕಷ್ಟು ಮಲಗಿದ ದಿನಗಳ ಅಂಕಿಗಳು, ಆ ಹುಡುಕಾಟದಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಒದಗುತ್ತವೆ.